ಶರಾವತಿ ಕಣಿವೆ: ಪೇಟೆಯ ಮೇಲೆ ಕಾಡು, ಕಾಡಿನ ಮೇಲೆ ನೀರು

ಗೇರುಸೊಪ್ಪೆಯಲ್ಲಿ ಹೊಳೆಯ ಆಚೆ ದಡಕ್ಕೆ ಹೋಗಿ ನಗರಬಸ್ತಿಕೇರಿಯ ಕಾಡಿನೊಳಗೆ ನಡೆದರೆ, ಮರಗಳ ನಡುವೆ ಒಮ್ಮೆಲೇ ಚತುರ್ಮುಖ ಬಸದಿ ಎದುರಾಗುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲು, ಪ್ರತಿ ಬಾಗಿಲಿಗೂ ಮುಖ ಮಾಡಿ ಕುಳಿತ ತೀರ್ಥಂಕರ. ಮೊದಲ ಸಲ ಅಲ್ಲಿಗೆ ಹೋದಾಗ, ಇಂಥ ದಟ್ಟ ಕಾಡಿನ ಮಧ್ಯೆ ಇಷ್ಟು ದೊಡ್ಡ ಬಸದಿಯನ್ನು ಯಾಕೆ ಕಟ್ಟಿದರೋ ಎಂದು ನಾನು ಜೊತೆಗಿದ್ದವರನ್ನು ಕೇಳಿದ್ದೆ. ಪ್ರಶ್ನೆಯೇ ತಲೆಕೆಳಗಾಗಿತ್ತು. ಬಸದಿಯನ್ನು ಕಟ್ಟಿದ್ದು ಒಂದು ಪೇಟೆಯ ನಡುವೆ. ಕಾಡು ಬಂದದ್ದು ಆಮೇಲೆ. ಆ ದಿನದಿಂದ ಶರಾವತಿ ಕಣಿವೆಯ ಹಸಿರನ್ನು ನೋಡುವಾಗಲೆಲ್ಲ ಅದರ ವಯಸ್ಸೆಷ್ಟು ಎಂದು ಕೇಳಿಕೊಳ್ಳುವ ಅಭ್ಯಾಸವಾಗಿದೆ. ಕೆಲವು ಕಡೆ ಉತ್ತರ ಲಕ್ಷಾಂತರ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ, ಕೆಲವು ಕಡೆ ನಾನೂರು ವರ್ಷಕ್ಕೇ ನಿಂತುಬಿಡುತ್ತದೆ. ಇವೆರಡೂ ಒಂದೇ ಕಣಿವೆಯಲ್ಲಿ, ಒಂದು ಹಗಲಿನ ದಾರಿಯಷ್ಟು ಅಂತರದಲ್ಲಿ ಇವೆ ಎಂಬುದೇ ಈ ಬರಹಕ್ಕೆ ಕಾರಣ.

ಮೊದಲು ಹೊಳೆಯ ದಾರಿಯನ್ನು ಹೇಳಬೇಕು. ಶರಾವತಿ ಹುಟ್ಟುವುದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ರಾಮನ ಬಾಣದ ಮೊನೆಗೆ ಚಿಮ್ಮಿದ ನೀರು ಎಂಬ ಸ್ಥಳಪುರಾಣ ಅಂಬು, ಶರ ಎಂಬ ಎರಡು ಹೆಸರುಗಳನ್ನೂ ವಿವರಿಸಿಬಿಡುತ್ತದೆ. ಅಲ್ಲಿಂದ ಹೊನ್ನಾವರದ ಅಳಿವೆಯವರೆಗೆ ಹೊಳೆಯ ಉದ್ದ ಸುಮಾರು 128 ಕಿಲೋಮೀಟರ್. ಕೃಷ್ಣೆ, ಕಾವೇರಿಗಳನ್ನು ಕಂಡವರಿಗೆ ಇದು ನದಿ ಎನಿಸುವುದೇ ಕಷ್ಟ; ಊರಿನವರೂ ಇದನ್ನು ‘ಹೊಳೆ’ ಎಂದೇ ಕರೆಯುತ್ತಾರೆ. ಆದರೆ ಇಷ್ಟು ಗಿಡ್ಡ ಹೊಳೆಗೆ ಎರಡು ಬೇರೆ ಬೇರೆ ಸ್ವಭಾವಗಳಿವೆ. ಹೊಸನಗರದ ಕಡೆಯಿಂದ ವಾಯವ್ಯಕ್ಕೆ ಹರಿದು, ಹರಿದ್ರಾವತಿ, ಎಣ್ಣೆಹೊಳೆಗಳಂಥ ಉಪನದಿಗಳನ್ನು ಸೇರಿಸಿಕೊಂಡು, ಗುಡ್ಡಗಳ ನಡುವಿನ ಅಗಲವಾದ ತಗ್ಗಿನಲ್ಲಿ ಅವಸರವಿಲ್ಲದೆ ಸಾಗುವ ಮೇಲಿನ ಶರಾವತಿ ಒಂದು. ಪಶ್ಚಿಮಕ್ಕೆ ತಿರುಗಿ, ಜೋಗದಲ್ಲಿ ಮಲೆನಾಡಿನ ಅಂಚು ತಲುಪಿ, 253 ಮೀಟರ್ ಕೆಳಗೆ ಬಿದ್ದು, ಕಡಿದಾದ ಕಂದರದಲ್ಲಿ ಗೇರುಸೊಪ್ಪೆಯವರೆಗೆ ಧುಮುಕುತ್ತ ಹೋಗುವ ಶರಾವತಿ ಇನ್ನೊಂದು. ಗೇರುಸೊಪ್ಪೆ ದಾಟಿದ ಮೇಲೆ ಅದು ಬಹುಮಟ್ಟಿಗೆ ಸಮುದ್ರದ ಮಟ್ಟಕ್ಕೇ ಬಂದಿರುತ್ತದೆ. ಅಲ್ಲಿಂದ ಮುಂದಿನದು ತೆಂಗು, ಅಡಿಕೆ, ಗದ್ದೆಗಳ ನಡುವೆ ಅಗಲವಾಗಿ ಮಲಗಿದ ನೀರು.

ಈ ಇಳಿಜಾರೇ ಕಣಿವೆಯ ಚರಿತ್ರೆಯನ್ನು ಬಹಳ ಮಟ್ಟಿಗೆ ನಿರ್ಧರಿಸಿತು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಘಟ್ಟದ ಗೋಡೆಗೆ ತಾಗಿ ಏರುವಾಗ ಪಶ್ಚಿಮದ ಮೈಮೇಲೆ ವರ್ಷಕ್ಕೆ ನಾಲ್ಕೈದು ಸಾವಿರ ಮಿಲಿಮೀಟರ್ ಮಳೆ ಸುರಿಸುತ್ತವೆ. ಸಾಗರದ ಪೂರ್ವಕ್ಕೆ ಬರುವಷ್ಟರಲ್ಲಿ ಅದು ಎರಡು ಸಾವಿರದ ಆಸುಪಾಸಿಗೆ ಇಳಿದಿರುತ್ತದೆ. ಹಾಗಾಗಿ ಹೊಳೆಯ ಗುಂಟ ಪಶ್ಚಿಮಕ್ಕೆ ಹೋದಷ್ಟೂ ಎಲೆ ಉದುರಿಸುವ ಮರಗಳು ಕಡಿಮೆಯಾಗಿ, ವರ್ಷವಿಡೀ ಹಸಿರಾಗಿರುವ ಕಾಡು ಹೆಚ್ಚುತ್ತದೆ. ಜೋಗದಿಂದ ಹೊನ್ನಾವರದ ಕಡೆಗೆ ಮಲೆಮನೆ ಘಟ್ಟ ಇಳಿಯುವ ದಾರಿಯಲ್ಲಿ ಕತ್ತಲೆಕಾನು ಸಿಗುತ್ತದೆ. ಹೆಸರನ್ನು ಇಟ್ಟವರು ಕವಿತ್ವ ಮಾಡಿಲ್ಲ, ಕಂಡದ್ದನ್ನು ಹೇಳಿದ್ದಾರೆ: ನಡುಮಧ್ಯಾಹ್ನದಲ್ಲೂ ಅಲ್ಲಿ ಬಿಸಿಲು ನೆಲ ಮುಟ್ಟುವುದು ಅಪರೂಪ.

ಕತ್ತಲೆಕಾನಿನ ತಗ್ಗಿನಲ್ಲಿ ಹಳ್ಳದ ನೀರು ನಿಧಾನವಾಗಿ ಹರಡಿಕೊಂಡು ನೆಲವನ್ನು ವರ್ಷವಿಡೀ ಜೌಗಾಗಿಯೇ ಇಡುವ ಜಾಗಗಳಿವೆ. ಅಲ್ಲಿ ಬೆಳೆಯುವುದು ಜಾಯಿಕಾಯಿ, ರಾಮಪತ್ರೆಗಳ ಬಳಗಕ್ಕೆ ಸೇರಿದ ಕಾಡು ಮರಗಳು. ಕೆಸರಿನಲ್ಲಿ ಬೇರಿಗೆ ಉಸಿರು ಸಿಗದ ಕಾರಣ ಕೆಲವು ಮರಗಳ ಬೇರು ಮಂಡಿ ಮಡಚಿದಂತೆ ಮಣ್ಣಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ಇನ್ನು ಕೆಲವು ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ಸುತ್ತ ಚಾಚುತ್ತವೆ. ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಬಹಳ ಹಿಂದೆಯೇ ಕವಲೊಡೆದ ಕುಲ ಇದು. ಬೀಜ ದೊಡ್ಡದು, ಒಣಗಿದರೆ ಸಾಯುತ್ತದೆ, ನೆರಳಿಲ್ಲದೆ ಮೊಳೆಯುವುದಿಲ್ಲ. ಹಾಗಾಗಿ ಇಂಥ ಜೌಗು ಒಮ್ಮೆ ಹೋದರೆ ಪಕ್ಕದ ಬೋಳುಗುಡ್ಡ ದಾಟಿ ಇನ್ನೊಂದು ಕಡೆ ಹುಟ್ಟಿಕೊಳ್ಳುವುದಿಲ್ಲ. ಇದ್ದಲ್ಲಿ ಇದೆ ಎಂದರೆ ಅಲ್ಲಿನ ನೆರಳು ಎಂದೂ ಪೂರ್ತಿ ತಪ್ಪಿಲ್ಲ ಎಂದೇ ಅರ್ಥ. 2000ನೇ ಇಸವಿಯಲ್ಲಿ ಇಲ್ಲಿಂದಲೇ ವಿಜ್ಞಾನಕ್ಕೆ ಹೊಸದಾದ ಮರವೊಂದನ್ನು ವಿವರಿಸಿ, ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಅದು ಕರಿಗೇರಿನ ಕುಲಕ್ಕೆ ಸೇರಿದ ಮರ. ಗೇರುಸೊಪ್ಪೆ ಎಂಬ ಊರಿನ ಹೆಸರೇ ಗೇರಿನ ಸೊಪ್ಪಿನಿಂದ ಬಂತು ಎನ್ನುವವರಿದ್ದಾರೆ. ಆ ವ್ಯುತ್ಪತ್ತಿಯನ್ನು ನಂಬಲಿ ಬಿಡಲಿ, ಘಟ್ಟದ ಕೆಳಗಿನ ಊರಿಗೂ ಘಟ್ಟದ ಮೇಲಿನ ಅಪರೂಪದ ಮರಕ್ಕೂ ಹೀಗೊಂದು ನಂಟು ಸಿಕ್ಕಿದ್ದು ನನಗಂತೂ ಖುಷಿ ಕೊಟ್ಟಿತು.

ಹಾಗೆಂದು ಕತ್ತಲೆಕಾನನ್ನು ಮನುಷ್ಯ ಮುಟ್ಟದ ಕಾಡು ಎನ್ನಲಾಗದು. ‘ಕಾನು’ ಎಂಬ ಶಬ್ದವನ್ನೇ ಗಮನಿಸಬೇಕು. ಮಲೆನಾಡಿನಲ್ಲಿ ಕಾನು ಎಂದರೆ ಬರೀ ಕಾಡಲ್ಲ. ಊರಿನವರು ಗುರುತಿಸಿ, ಹೆಸರಿಟ್ಟು, ಬಹಳ ಕಡೆ ದೇವರಿಗೆ ಬಿಟ್ಟು, ಕೊಡಲಿ ಹಾಕದೆ ಉಳಿಸಿಕೊಂಡ ನಿತ್ಯಹರಿದ್ವರ್ಣದ ತುಂಡು. ಹಳ್ಳದ ತಲೆಯಲ್ಲಿ ಕಾನು ಇದ್ದರೆ ಕೆಳಗಿನ ತೋಟಕ್ಕೆ ಬೇಸಿಗೆಯಲ್ಲೂ ನೀರಿರುತ್ತದೆ ಎಂಬ ಲೆಕ್ಕಾಚಾರ ಅದರಲ್ಲಿತ್ತು. ಜೊತೆಗೆ ಕಾನಿನ ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬುತ್ತಿತ್ತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಕುಂಪಣಿಯ ಸಮೀಕ್ಷಕ ಫ್ರಾನ್ಸಿಸ್ ಬುಕನನ್, ಉತ್ತರ ಕನ್ನಡದ ಕಾಡುಗಳು ಆಯಾ ಊರಿನ ದೇವರ ಸೊತ್ತೆಂದು ಜನ ಹೇಳುವುದನ್ನೂ, ಮರ ಕಡಿಯಲು ಪೂಜಾರಿಯ ಅಪ್ಪಣೆ ಬೇಕಾಗುವುದನ್ನೂ ಬರೆದಿಟ್ಟಿದ್ದಾನೆ. ಕುಂಪಣಿ ಸರ್ಕಾರದ ಹಕ್ಕನ್ನು ತಪ್ಪಿಸಲು ಹೂಡಿದ ಉಪಾಯ ಇದು ಎಂಬ ಅನುಮಾನ ಅವನಿಗೆ. ಅವನಿಗಿದ್ದ ಅನುಮಾನವೇ ಮುಂದೆ ಅರಣ್ಯ ಇಲಾಖೆಗಳ ನಂಬಿಕೆಯಾಯಿತು ಎಂದು ನನಗೆ ಅನ್ನಿಸುತ್ತದೆ.

ಆ ಕಾಳುಮೆಣಸೇ ಗೇರುಸೊಪ್ಪೆಯ ಹುಟ್ಟು. ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ಊರು ಅಲ್ಲೇ ಯಾಕೆ ಎದ್ದಿತು ಎಂಬುದು ತಾನಾಗಿ ತಿಳಿಯುತ್ತದೆ. ಹೊನ್ನಾವರದಿಂದ ದೋಣಿ ಬರಬಹುದಾದ ಕೊನೆಯ ಜಾಗ ಅದು. ಘಟ್ಟ ಹತ್ತುವ ಎತ್ತಿನ ಹೇರಿನ ದಾರಿ ಶುರುವಾಗುವ ಜಾಗವೂ ಅದೇ. ಮೇಲಿನ ಕಾನುಗಳ ಮೆಣಸು ಇಲ್ಲಿ ಎತ್ತಿನ ಬೆನ್ನಿನಿಂದ ಇಳಿದು ದೋಣಿ ಹತ್ತಬೇಕಿತ್ತು, ಸಮುದ್ರದಿಂದ ಬಂದ ಸರಕು ದೋಣಿಯಿಂದ ಇಳಿದು ಎತ್ತಿನ ಬೆನ್ನು ಸೇರಬೇಕಿತ್ತು. ಆ ಸರಕಿನ ಸುಂಕದ ಮೇಲೆ ಸಾಳುವ ಮನೆತನದ ಜೈನ ಅರಸರು, ವಿಜಯನಗರಕ್ಕೆ ಅಧೀನರಾಗಿ, ಇಲ್ಲಿ ಆಳಿದರು. ಹೊಳೆಯ ಬಾಯಲ್ಲಿರುವ ಹೊನ್ನಾವರ ಅದಕ್ಕೂ ಹಿಂದಿನಿಂದಲೇ ಹೆಸರಾದ ಬಂದರು. 14ನೇ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಇಬ್ನ್ ಬತೂತ, ಊರಿನಲ್ಲಿ ಹುಡುಗಿಯರಿಗಾಗಿ 13 ಶಾಲೆಗಳನ್ನೂ ಹುಡುಗರಿಗಾಗಿ 23 ಶಾಲೆಗಳನ್ನೂ ಕಂಡದ್ದಾಗಿ ಹೇಳುತ್ತಾನೆ.

ಗೇರುಸೊಪ್ಪೆಯ ಕೊನೆಯ ದೊಡ್ಡ ಹೆಸರು ರಾಣಿ ಚೆನ್ನಭೈರಾದೇವಿ. ಆಕೆಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606 ಎಂದು ಹೇಳುತ್ತಾರೆ, ಅಂದರೆ 54 ವರ್ಷ. ಮೆಣಸಿಗಾಗಿ ಆಕೆಯ ಜೊತೆ ವ್ಯಾಪಾರವನ್ನೂ ಯುದ್ಧವನ್ನೂ ಮಾಡಿದ ಪೋರ್ಚುಗೀಸರು ಆಕೆಯನ್ನು ‘ರೈನಾ ದ ಪಿಮೆಂಟಾ’, ಕಾಳುಮೆಣಸಿನ ರಾಣಿ, ಎಂದು ಕರೆದರು. ಸಾಗರ ತಾಲ್ಲೂಕಿನ ಕಾಡಿನೊಳಗೆ ಅಡಗಿರುವ ಕಾನೂರು ಕೋಟೆ ಆಕೆಯದೆಂದು ಜನ ಇಂದಿಗೂ ಹೇಳುತ್ತಾರೆ. ಮೇಲಿನಿಂದ ಕೆಳದಿಯ ವೆಂಕಟಪ್ಪ ನಾಯಕ ಇಳಿದು ಬಂದು ಗೇರುಸೊಪ್ಪೆಯನ್ನು ಗೆದ್ದ ಮೇಲೆ ರಾಣಿ ಇಕ್ಕೇರಿಯಲ್ಲಿ ಸೆರೆಯಲ್ಲಿ ತೀರಿಕೊಂಡಳು ಎಂಬುದು ಪ್ರತೀತಿ.

ಅದಾಗಿ ಇಪ್ಪತ್ತು ವರ್ಷ ತುಂಬುವ ಮೊದಲು, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಹೋಗುತ್ತ ಹೊನ್ನಾವರದಿಂದ ಇದೇ ಹೊಳೆಯಲ್ಲಿ ದೋಣಿಯಲ್ಲಿ ಬಂದ. ಎರಡೂ ದಡದ ಹಸಿರನ್ನು ಕಂಡು ಮನಸಾರೆ ಹೊಗಳಿದ. ಗೇರುಸೊಪ್ಪೆಯ ಬಗ್ಗೆ ಅವನು ಹೇಳುವುದು ಮಾತ್ರ ಬೇರೆ: ಒಮ್ಮೆ ಹೆಸರಾಂತ ಪಟ್ಟಣ, ರಾಣಿಯ ರಾಜಧಾನಿ, ಈಗ ಅರಮನೆಯಿದ್ದ ಜಾಗದಲ್ಲೂ ಮರಗಳು ಬೆಳೆದಿವೆ. ಅಷ್ಟು ಕಡಿಮೆ ಕಾಲದಲ್ಲಿ ಕಾಡು ಊರನ್ನು ನುಂಗಿತೇ ಎಂದು ಮಳೆ ಕಾಣದ ಸೀಮೆಯವರು ಕೇಳಬಹುದು. ಒಂದು ಮಳೆಗಾಲ ಅಂಗಳ ಕೆತ್ತದೆ ಬಿಟ್ಟ ಮಲೆನಾಡಿನ ಮನೆಯನ್ನು ನೋಡಿದವರಾರೂ ಹಾಗೆ ಕೇಳುವುದಿಲ್ಲ. ನಾನು ನಗರಬಸ್ತಿಕೇರಿಯಲ್ಲಿ ಆದಿಕಾಲದ್ದೆಂದು ಬಗೆದ ಕಾಡಿನ ಮೊದಲ ತಲೆಮಾರನ್ನು ಆ ಇಟಾಲಿಯನ್ ಎಳೆಯದಾಗಿದ್ದಾಗಲೇ ನೋಡಿದ್ದ.

ಆಮೇಲಿನ ಇನ್ನೂರು ವರ್ಷಗಳನ್ನು ಇಲ್ಲಿ ಬೇಗ ದಾಟುತ್ತೇನೆ. ಕೆಳದಿಯವರ ನಂತರ ಹೈದರಾಲಿ, ಟಿಪ್ಪು, 1799ರ ನಂತರ ಕುಂಪಣಿ. ಬ್ರಿಟಿಷರ ಕಾಲದಲ್ಲಿ ಹೊಳೆ ಒಂದು ಗಡಿಯೂ ಆಯಿತು. ಉತ್ತರ ಕನ್ನಡ 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ ಜೋಗದ ಒಂದು ದಡ ಮುಂಬಯಿಯದು, ಇನ್ನೊಂದು ದಡ ಮೈಸೂರಿನದು. ಜಲಪಾತದ ಎದುರುಬದುರು ನಿಂತ ಎರಡು ಬಂಗಲೆಗಳು ಆ ಕಾಲದ ನೆನಪು. ಅದಕ್ಕೂ ಮೊದಲು, 1856ರಲ್ಲಿ, ಇಬ್ಬರು ನೌಕಾ ಅಧಿಕಾರಿಗಳು ಹಗ್ಗಕ್ಕೆ ತೊಟ್ಟಿಲು ಕಟ್ಟಿ ಕಂದರಕ್ಕೆ ಇಳಿದು ಜಲಪಾತದ ಎತ್ತರವನ್ನು ಅಳೆದಿದ್ದರು. ಇವತ್ತು ಫಲಕಗಳ ಮೇಲೆ ಬರೆದಿರುವ 829 ಅಡಿ ಅಂದಿನಿಂದಲೇ ಬಂದದ್ದು.

ಕಾಡಿನ ಮಟ್ಟಿಗೆ ಆ ಕಾಲದ ದೊಡ್ಡ ಬದಲಾವಣೆ ಹಕ್ಕಿನದು. ಗುಡ್ಡ ಸವರಿ ಸುಟ್ಟು ರಾಗಿ ಬಿತ್ತುವ ಕುಮ್ರಿ ಬೇಸಾಯವನ್ನು ಸರ್ಕಾರ ಹಂತಹಂತವಾಗಿ ನಿಲ್ಲಿಸಿತು. ಅದನ್ನೇ ನಂಬಿದ್ದ ಬಡ ಕುಟುಂಬಗಳು ಕೂಲಿಗೆ ಇಳಿದವು. ಅಡಿಕೆ ತೋಟದವರಿಗೆ ಮಾತ್ರ ಒಂದು ರಿಯಾಯಿತಿ ಸಿಕ್ಕಿತು: ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನ ಬೆಟ್ಟ. ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತಂದು ತೋಟಕ್ಕೆ ಹಾಕುವ ಹಕ್ಕು ತೋಟದವನದು, ನೆಲ ಸರ್ಕಾರದ್ದು. ಇಂದು ರಸ್ತೆಯ ಬದಿಯಲ್ಲಿ ಕಾಣುವ, ಕೊಂಬೆಗಳನ್ನೆಲ್ಲ ಸವರಿಸಿಕೊಂಡು ಕಂಬದಂತೆ ನಿಂತ ಮರಗಳ ಗುಡ್ಡಗಳು ಇವೇ. ಅವನ್ನು ಹಾಳಾದ ಕಾಡು ಎನ್ನುವವರಿದ್ದಾರೆ, ಉಳಿದ ಕಾಡು ಎನ್ನುವವರೂ ಇದ್ದಾರೆ. ಎರಡೂ ನಿಜವಾಗಿರುವ ಬೆಟ್ಟಗಳನ್ನು, ಕೆಲವೊಮ್ಮೆ ಒಂದೇ ಊರಿನಲ್ಲಿ, ನಾನು ನೋಡಿದ್ದೇನೆ.

ಇಷ್ಟು ದಿನ ಊರಿನ ಮೇಲೆ ಕಾಡು ಬಂದಿತ್ತು. 20ನೇ ಶತಮಾನದಲ್ಲಿ ಎರಡರ ಮೇಲೂ ನೀರು ಬಂತು. ಮೊದಲನೆಯದು ಮೈಸೂರು ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು. ಅದರ ನೀರಿನಿಂದ ಜೋಗದ ಬುಡದಲ್ಲಿ, ಈಗ ಮಹಾತ್ಮ ಗಾಂಧಿಯವರ ಹೆಸರಿನಲ್ಲಿರುವ ವಿದ್ಯುದಾಗಾರ ನಡೆಯಿತು. ಅದಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ, 1964ರಲ್ಲಿ ಕೆಳಗೆ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಸುಮಾರು 152 ಟಿಎಂಸಿ ನೀರು, ತುಂಬಿದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1,819 ಅಡಿ, ಹಿನ್ನೀರಿನ ಹರವು 300 ಚದರ ಕಿಲೋಮೀಟರಿಗೂ ಹೆಚ್ಚು. ಮೇಲಿನ ಶರಾವತಿ ಅಗಲವಾದ ತಗ್ಗಿನಲ್ಲಿ ನಿಧಾನವಾಗಿ ಹರಿಯುತ್ತದೆ ಎಂದೆನಲ್ಲ, ಆ ಗುಣವೇ ಇಲ್ಲಿ ಮುಳುವಾಯಿತು: ಎತ್ತರವಲ್ಲದ ಗೋಡೆಗೂ ನೀರು ಕೈಬೆರಳುಗಳಂತೆ ಪ್ರತಿ ಹಳ್ಳದ ಗುಂಟ ಹಿಂದಕ್ಕೆ ಚಾಚಿತು. ಆ ಹಳ್ಳಗಳ ಬುಡದಲ್ಲೇ ಗದ್ದೆ, ತೋಟ, ಮನೆಗಳಿದ್ದವು. ಗುಡ್ಡದ ನೆತ್ತಿಗಳು ದ್ವೀಪಗಳಾದವು. ನೀರು ತಳಕಳಲೆಯ ಚಿಕ್ಕ ಜಲಾಶಯದ ಮೂಲಕ ಸಾಗಿ ಕಂದರದೊಳಗಿನ ಶರಾವತಿ ವಿದ್ಯುದಾಗಾರಕ್ಕೆ ಬೀಳುತ್ತದೆ. ಅಲ್ಲಿ ತಲಾ 103.5 ಮೆಗಾವಾಟಿನ ಹತ್ತು ಯಂತ್ರಗಳು, ಒಟ್ಟು 1,035 ಮೆಗಾವಾಟ್. ಕರ್ನಾಟಕದ ಮನೆಗಳಿಗೆ ಬಹುಕಾಲ ಬೆಳಕು ಕೊಟ್ಟದ್ದು ಈ ಬೀಳುವಿಕೆ. ಜೋಗದಲ್ಲಿ ಬೀಳಬೇಕಾದದ್ದು ಕೊಳವೆಯಲ್ಲಿ ಬೀಳುತ್ತದೆ, ಅಷ್ಟೆ.

ಮುಳುಗಡೆಯವರ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟರೆ ಚರಿತ್ರೆ ಅರ್ಧವಾಗುತ್ತದೆ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ದೀವರ ಸಮುದಾಯದ ಗೇಣಿದಾರರು, ಗೇಣಿ ಅಳೆಯುವ ಕೊಳಗದ ಗಾತ್ರದ ಅನ್ಯಾಯವನ್ನು ಮುಂದಿಟ್ಟು ಸತ್ಯಾಗ್ರಹ ಹೂಡಿದ್ದರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಅದರಲ್ಲೇ. ‘ಉಳುವವನೇ ಹೊಲದೊಡೆಯ’ ಎಂಬ ಮಾತು ಕಾನೂನಾಗಿ ಜಾರಿಗೆ ಬರಲು 1974ರವರೆಗೆ ಕಾಯಬೇಕಾಯಿತು. ನೀರು ಬಂದದ್ದು ಅದಕ್ಕೆ ಹತ್ತು ವರ್ಷ ಮೊದಲು. ಹೀಗಾಗಿ ಉಳುತ್ತಿದ್ದರೂ ಕಾಗದದಲ್ಲಿ ಹೆಸರಿಲ್ಲದವರು ಪರಿಹಾರದ ಲೆಕ್ಕದಲ್ಲೂ ಹಿಂದೆ ಉಳಿದರು. ಅವರನ್ನು ಸಾಗಿಸಿದ ಕಡೆಗಳಲ್ಲಿ ಕೊಟ್ಟ ನೆಲ ಎಷ್ಟೋ ಕಡೆ ಅರಣ್ಯವೆಂದೇ ದಾಖಲೆಯಲ್ಲಿ ಉಳಿದು, ಅರವತ್ತು ವರ್ಷ ದಾಟಿದರೂ ಹಕ್ಕುಪತ್ರದ ತಕರಾರು ಮುಗಿದಿಲ್ಲ. ಒಂದು ಕಾಡಿನಿಂದ ಎಬ್ಬಿಸಿ ಇನ್ನೊಂದು ಕಾಡಿನಲ್ಲಿ ಒತ್ತುವರಿದಾರರನ್ನಾಗಿ ಮಾಡಿದ್ದನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕೋ ತಿಳಿಯದು.

ಹಿನ್ನೀರಿನ ಆಚೆ ಉಳಿದ ತುಮರಿ ಭಾಗದ ಜನರಿಗೆ ಸಾಗರಕ್ಕೆ ಬರಲು ಹೊಳೆಬಾಗಿಲಿನ ಲಾಂಚೇ ಗತಿಯಾಯಿತು. ಸಿಗಂದೂರಿಗೆ ಹೋಗುವ ಭಕ್ತರಿಗೆ ಲಾಂಚು ಒಂದು ಮೋಜು; ರಾತ್ರಿ ಹೆರಿಗೆ ನೋವು ಬಂದವರ ಮನೆಗೆ ಅದು ಬೇರೆಯೇ ಸಂಗತಿ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಎರಡು ಕಿಲೋಮೀಟರಿಗೂ ಉದ್ದದ ತೂಗುತಂತಿಯ ಸೇತುವೆ ತೆರೆದುಕೊಂಡದ್ದು 2025ರ ಜುಲೈನಲ್ಲಿ.

ನೀರು ನುಂಗಿದ ಮೇಲೆ ಉಳಿದ ಕಾಡಿಗೆ 1972ರಲ್ಲಿ ಅಭಯಾರಣ್ಯದ ಪಟ್ಟ ಸಿಕ್ಕಿತು: 431 ಚದರ ಕಿಲೋಮೀಟರಿನ ಶರಾವತಿ ಕಣಿವೆ ವನ್ಯಜೀವಿ ಅಭಯಾರಣ್ಯ. ಈ ಶತಮಾನದ ಆರಂಭದಲ್ಲಿ ಸಂಶೋಧಕರು ಸಿರ್ಸಿ-ಹೊನ್ನಾವರದ ಕಾಡುಗಳಲ್ಲಿ ಸಿಂಗಳೀಕಗಳ ದೊಡ್ಡ ಸಂಖ್ಯೆಯನ್ನು ಕಂಡ ಮೇಲೆ, 2019ರಲ್ಲಿ ಅದನ್ನು ಅಘನಾಶಿನಿಯ ಕಡೆಯ ಕಾಡಿನೊಂದಿಗೆ ಸೇರಿಸಿ 930 ಚದರ ಕಿಲೋಮೀಟರಿನ ಸಿಂಗಳೀಕ ಅಭಯಾರಣ್ಯವಾಗಿಸಿದರು. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ. ಮರದಿಂದ ಮರಕ್ಕೆ ಕೊಂಬೆ ತಾಗಿರಬೇಕು, ವರ್ಷದ ಎಲ್ಲ ತಿಂಗಳೂ ಯಾವುದಾದರೊಂದು ಹಣ್ಣು ಇರಬೇಕು. ಮಳೆಗಾಲದಲ್ಲಿ ಅದಕ್ಕೆ ಉಪ್ಪಾಗೆ ಎಂಬ ಹುಳಿ ಹಣ್ಣು ಬೇಕು. ಅದೇ ಉಪ್ಪಾಗೆಯ ಸಿಪ್ಪೆಯನ್ನು ಒಣಗಿಸಿ ಮಾರಿ, ಬೀಜದಿಂದ ತುಪ್ಪ ತೆಗೆಯುವ ಮನೆಗಳು ಈ ಕಾಡಿನ ಅಂಚಿನಲ್ಲಿವೆ. ಮಾರುಕಟ್ಟೆಯಲ್ಲಿ ಸಿಪ್ಪೆಯ ಬೆಲೆ ಏರಿದ ವರ್ಷಗಳಲ್ಲಿ ಹಣ್ಣಾಗುವ ಮೊದಲೇ ಕೊಂಬೆ ಸಮೇತ ಕೊಯ್ದದ್ದೂ ಉಂಟು.

ಅಣೆಕಟ್ಟಿನ ಪರಿಣಾಮ ಕಾಡಿನ ಕೆಳಗೂ ಹರಿದಿದೆ, ಅದನ್ನು ಗಮನಿಸಿದವರು ಕಡಿಮೆ. ಹಿಂದೆ ಬೇಸಿಗೆಯಲ್ಲಿ ಹೊಳೆ ಸೊರಗಿ ಉಬ್ಬರದ ಉಪ್ಪುನೀರು ಒಳಗೆ ಬಹುದೂರ ಏರುತ್ತಿತ್ತು. ಈಗ ವಿದ್ಯುತ್ ತಯಾರಾಗುವಷ್ಟು ಕಾಲ, ಅಂದರೆ ವರ್ಷವಿಡೀ, ಸಿಹಿನೀರು ಕೆಳಗೆ ಬರುತ್ತಲೇ ಇರುತ್ತದೆ. ಪಕ್ಕದ ಅಘನಾಶಿನಿಗೆ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಚಿಪ್ಪಿ ಆರಿಸಿ ಸಾವಿರಾರು ಮನೆಗಳು ಬದುಕುತ್ತವೆ. ಶರಾವತಿಯ ಅಳಿವೆಯಲ್ಲಿ ಉಪ್ಪು ಕಡಿಮೆಯಾಗಿ ಆ ಚಿಪ್ಪಿಗಳು ಬಹುಪಾಲು ಕಾಣೆಯಾಗಿವೆ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ ಹೊನ್ನಾವರದಲ್ಲಿ ಇದೇ ನೀರಿನ ಮೇಲಿದೆ. ರೈಲಿನ ಕಿಟಕಿಯಿಂದ ನೋಡುವವರಿಗೆ ನೀರು ಹಾಗೇ ನೀಲಿಯಾಗಿ ಕಾಣುತ್ತದೆ, ಅದರ ರುಚಿ ಬದಲಾದದ್ದು ಕಾಣುವುದಿಲ್ಲ.

ಈಗ ಮತ್ತೊಂದು ಯೋಜನೆ ಮುಂದಿದೆ. ತಳಕಳಲೆಯ ನೀರನ್ನು ಸುರಂಗದ ಮೂಲಕ ಗೇರುಸೊಪ್ಪೆಯ ಜಲಾಶಯಕ್ಕೆ ಬಿಟ್ಟು, ಬೇಡಿಕೆ ಹೆಚ್ಚಿದ ಹೊತ್ತಿನಲ್ಲಿ 2,000 ಮೆಗಾವಾಟ್ ತೆಗೆದು, ವಿದ್ಯುತ್ ಅಗ್ಗವಾದ ಹೊತ್ತಿನಲ್ಲಿ ಅದೇ ನೀರನ್ನು ಮತ್ತೆ ಮೇಲಕ್ಕೆ ಪಂಪ್ ಮಾಡುವ ಯೋಜನೆ. ಎರಡು ಜಲಾಶಯಗಳೂ ಈಗಾಗಲೇ ಇರುವುದರಿಂದ ಹೊಸ ಮುಳುಗಡೆ ಹೆಚ್ಚಿಲ್ಲ ಎನ್ನುವುದು ಅದರ ಪರವಾದ ವಾದ, ಮತ್ತು ಅದು ತೆಗೆದುಹಾಕುವಂಥ ವಾದವಲ್ಲ. ಆದರೆ ಆ ಎರಡು ಜಲಾಶಯಗಳ ನಡುವಿನ ಇಳಿಜಾರೇ ಸಿಂಗಳೀಕದ ಕಾಡು. ರಸ್ತೆ ಅಗಲಿಸಿದರೆ ಕೊಂಬೆಗೆ ಕೊಂಬೆ ತಾಗುವುದು ತಪ್ಪುತ್ತದೆ. ಅಣೆಕಟ್ಟಿನ ಲೆಕ್ಕದಲ್ಲಿ ಎಕರೆಗಳಿಗೆ ಕಾಲಂ ಇರುತ್ತದೆ, ಇದಕ್ಕೆ ಇರುವುದಿಲ್ಲ. ಘಟ್ಟದ ಮೇಲೂ ಕೆಳಗೂ ಜನ ವಿರೋಧಿಸುತ್ತಿದ್ದಾರೆ. ನನ್ನ ಮನಸ್ಸು ಅವರ ಕಡೆಗಿದೆ, ಈ ಬರಹವನ್ನು ಬರೆಯುತ್ತಿರುವ ದೀಪ ಶರಾವತಿಯದೇ ಇರಬಹುದು ಎಂಬುದನ್ನು ಮರೆತಿಲ್ಲ.

ಸಾಗರದ ಸೀಮೆಯಲ್ಲಿ ಮಳೆಗಾಲದ ಕುಶಲ ಪ್ರಶ್ನೆ ‘ಡ್ಯಾಮು ಎಷ್ಟು ಅಡಿ ಆಯ್ತು?’ ಎಂಬುದು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ಆ ಅಂಕಿ ತೀರಾ ಕೆಳಗೆ ಹೋದಾಗ ಹಿನ್ನೀರಿನ ನಡುವಿನಿಂದ ಹಿರೇಭಾಸ್ಕರ ಅಣೆಕಟ್ಟು ಮೇಲೇಳುತ್ತದೆ. ಲಿಂಗನಮಕ್ಕಿಯ ನೀರು ಊರುಗಳ ಜೊತೆ ಆ ಹಳೆಯ ಅಣೆಕಟ್ಟನ್ನೂ ಮುಳುಗಿಸಿತ್ತು. ಬಿರುಕುಬಿಟ್ಟ ಕೆಸರಿನ ಮೇಲೆ ನಡೆದು ಹೋದರೆ, ಹೆಚ್ಚಾದ ನೀರನ್ನು ತಾನಾಗಿ ಹೊರಹಾಕುತ್ತಿದ್ದ ಅದರ ಸೈಫನ್‌ಗಳ ದುಂಡನೆಯ ಬಾಯಿಗಳು ಕಾಣುತ್ತವೆ, ಗಾರೆ ಇನ್ನೂ ಗಟ್ಟಿಯಾಗಿದೆ. ಸುತ್ತ ಕಣ್ಣು ಹಾಯುವಷ್ಟು ದೂರ 1960ರ ದಶಕದಲ್ಲಿ ಕಡಿದ ಮರಗಳ ಬೊಡ್ಡೆಗಳು, ನೀರಿನೊಳಗೇ ಇದ್ದು ಕೊಳೆಯದೆ ಉಳಿದು, ಕಪ್ಪಾಗಿ ನಿಂತಿರುತ್ತವೆ. ಅವುಗಳ ನಡುವೆ ಒಂದು ಕಡೆ ಯಾರದೋ ಮನೆಯ ಪಾಯದ ಕಲ್ಲುಗಳ ಸಾಲು ಕಂಡಿತು. ಅಲ್ಲಿಗೆ ಕರೆದುಕೊಂಡು ಹೋಗಿದ್ದ ಹಿರಿಯರು ಕಲ್ಲುಗಳನ್ನು ಎಣಿಸಿ, ‘ಇದು ಜಗಲಿ, ಅದು ಕೊಟ್ಟಿಗೆ’ ಎಂದು ಕೋಲಿನಿಂದ ತೋರಿಸಿದರು. ಜೂನ್ ಎರಡನೇ ವಾರ ಮಳೆ ಹಿಡಿಯಿತು.